ಜಲಮಣಿ ಮುಳುಗಿದ ಜಾಗ

ಕಾಡುಗೋಡಿಯ ಶ್ಯಾಮಣ್ಣನ ಮಗಳು ಯಮುನಾ ಹಡಗು ಮಾಡುವ ಕೆಲಸದಲ್ಲಿದ್ದಾಳೆಂದರೆ ಊರಿನ ಅರ್ಧ ಜನ ನಂಬುತ್ತಿರಲಿಲ್ಲ. ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರ ನಡುಮಹಡಿಯಲ್ಲಿ ಅವಳ ಆಫೀಸು. ಕೆಳಗಿನ ಮಹಡಿಯಲ್ಲಿ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್, ಮೇಲಿನದರಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲು. ನಡುವೆ ಇವರ ಹಡಗು. ಅವರ ವಠಾರಕ್ಕೆ ಬಾಡಿಗೆಗೆ ಬಂದವರೊಬ್ಬರು, "ಹಡಗನ್ನ ಎಲ್ಲಿ ಬಿಡ್ತಾರಮ್ಮಾ, ವರ್ತೂರು ಕೆರೇಲಾ?" ಎಂದು ನಗಾಡಿದಾಗ ಯಮುನಾಳ ತಾಯಿ ಪಿಳ್ಳಮ್ಮನಿಗೆ ರೇಗಿತು. "ಕಂಪ್ಯೂಟ್ರಾಗೆ ಕಟ್ತಾಳೆ. ಕಟ್ಟಿದ್ದನ್ನ ಸಮುದ್ರದೋರು ಬಂದು ತಗೊಂಡೋಗ್ತಾರೆ. ನಿಮಗ್ಯಾಕೆ?" ಎಂದು ಬಾಯಿ ಮುಚ್ಚಿಸಿದಳು.

ನೀರಿನ ಹುಚ್ಚು ಹತ್ತಿಸಿದವನು ಶ್ಯಾಮಣ್ಣನೇ. ದ್ರಾಕ್ಷಿ ತೋಟದ ಬಾವಿಯಲ್ಲಿ ಇನ್ನೂ ನೀರಿದ್ದ ಕಾಲ. ಮಗಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬುರುಡೆ ಬೇಡವಾಯಿತು. ಅದರ ಮುಂದಿನ ಬೇಸಿಗೆಗೆ ಅವಳು ತಳ ಮುಟ್ಟಿ ಬರತೊಡಗಿದಳು. ಊರ ಹೆಂಗಸರ ಕೈಜಾರಿ ಬಿಂದಿಗೆ ಬಾವಿಗೆ ಬಿದ್ದರೆ ಪಾತಾಳಗರಡಿ ಹುಡುಕುವ ಬದಲು ಯಮುನಾಳನ್ನೇ ಕರೆಯುವುದು ರೂಢಿಯಾಯಿತು. ತಳದ ಕೆಸರಿನಲ್ಲಿ ಕೈಯಾಡಿಸಿ, ಕಣ್ಣಿಗೆ ಏನೂ ಕಾಣದೆ, ಬೆರಳಿಗೆ ಹಿತ್ತಾಳೆಯ ಕಂಠ ಸಿಕ್ಕ ಆ ಕ್ಷಣದ ಸುಖವನ್ನು ಅವಳು ಯಾರಿಗೂ ಸರಿಯಾಗಿ ಹೇಳಲಾರಳು. ಆಮೇಲೆ ಸುತ್ತಲೂ ಬೋರ್‌ವೆಲ್ ಬಂದವು, ಬಾವಿ ಬತ್ತಿತು, ದ್ರಾಕ್ಷಿ ತೋಟದಲ್ಲಿ ಬಾಡಿಗೆ ಮನೆಗಳೆದ್ದವು.

ಪಿಯುಸಿ ಮುಗಿದಾಗ ಫಿಸಿಕ್ಸ್ ಲೆಕ್ಚರರ್ ಒಬ್ಬರು, ಕೊಚ್ಚಿಯಲ್ಲಿ ನೇವಲ್ ಆರ್ಕಿಟೆಕ್ಚರ್ ಅಂತ ಒಂದು ಕೋರ್ಸಿದೆ, ಪರೀಕ್ಷೆ ಬರಿ ಎಂದರು. ಆರ್ಕಿಟೆಕ್ಟ್ ಎಂದರೆ ಮನೆಯ ಪ್ಲ್ಯಾನ್ ಹಾಕುವವರೆಂಬುದಷ್ಟೇ ಶ್ಯಾಮಣ್ಣನಿಗೆ ಗೊತ್ತು.

"ಅಂಗಾದ್ರೆ ನೀರಿನ್ ಮೇಲೆ ಮನೆ ಕಟ್ಟೋದಾ ಮಗಾ?"

"ಹೆಚ್ಚುಕಮ್ಮಿ ಅದೇ ಅಪ್ಪ."

"ಪಾಯ ಎಲ್ಲಿ ತೆಗೀತೀರಿ?"

ಯಮುನಾ ನಕ್ಕುಬಿಟ್ಟಿದ್ದಳು. ಆದರೆ ಕೊಚ್ಚಿಯ ಮೊದಲ ವರ್ಷದ ಪಾಠವೆಲ್ಲ ಇದೇ ಪ್ರಶ್ನೆಯ ಸುತ್ತ ತಿರುಗಿತು. ಪಾಯವಿಲ್ಲದ ವಸ್ತು ನೆಟ್ಟಗೆ ನಿಲ್ಲುವುದು ಹೇಗೆ, ವಾಲಿದರೆ ತಾನಾಗಿ ಮತ್ತೆ ಎದ್ದು ನಿಲ್ಲುವುದು ಹೇಗೆ.

ಓದು ಮುಗಿಸಿ ಅವಳು ಸೇರಿದ್ದು ಉತ್ತರ ಕನ್ನಡದ ಅಳಿವೆಯೊಂದರ ಪಕ್ಕದಲ್ಲಿದ್ದ ಸಣ್ಣ ಹಡಗುಕಟ್ಟೆಗೆ. ಅಲ್ಲಿ ಅವಳ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ ಒಂದು ಟಗ್. ದೊಡ್ಡ ಹಡಗುಗಳಿಗೆ ಹಗ್ಗ ಹಾಕಿ ಬಂದರಿನೊಳಕ್ಕೆ ಎಳೆದು ತರುವ, ಹೋರಿಯಂಥ ಗಟ್ಟಿ ದೋಣಿ. ಹೆಸರು ಜಲಮಣಿ. ಅದರ ಇಂಜಿನ್ ಕೋಣೆಯಿಂದ ನೇರ ಡೆಕ್ಕಿಗೆ ಹತ್ತಿಬರಲು ಯಮುನಾ ಒಂದು ತುರ್ತು ದಾರಿ ಬರೆದಿದ್ದಳು. ನೆಟ್ಟಗೆ ಮೇಲೇಳುವ ಕಿರಿದಾದ ಗೂಡು, ಒಳಗೆ ಕಬ್ಬಿಣದ ಏಣಿ, ತುದಿಯಲ್ಲಿ ಮೇಲಕ್ಕೆ ತೆರೆಯುವ ಮುಚ್ಚಳ. ಮಾಲೀಕರ ಕಡೆಯವನು ಬಂದು, ಡೆಕ್ಕಿನಲ್ಲಿ ಜಾಗ ಸಾಲದು, ಇದನ್ನು ಅರ್ಧಕ್ಕೆ ಇಳಿಸಿ ಎಂದ. ಯಮುನಾ ಒಪ್ಪಲಿಲ್ಲ. ಮಾತು ಬೆಳೆಯಿತು. ಕೊನೆಗೆ ಅವಳು ಹಲಗೆ ಹೊಡೆಸಿ ಅದೇ ಅಳತೆಯ ಒಂದು ಗೂಡು ಮಾಡಿಸಿ, ಕಟ್ಟೆಯಲ್ಲೇ ಅತಿ ದಪ್ಪನೆಯ ಬಡಗಿಗೆ ಲೈಫ್ ಜಾಕೆಟ್ ತೊಡಿಸಿ ಎಲ್ಲರೆದುರು ಹತ್ತಿಸಿದಳು. ಅವನು ಸಲೀಸಾಗಿ ಹತ್ತಿಬಂದ. "ಇದಕ್ಕಿಂತ ಸಣ್ಣದು ಮಾಡಿದ್ರೆ ಇವರು ಒಳಗೇ ಉಳೀತಾರೆ ಸಾರ್," ಎಂದಳು. ಅಳತೆ ಹಾಗೇ ಉಳಿಯಿತು. ಜಲಮಣಿಯನ್ನು ನೀರಿಗಿಳಿಸಿದ ದಿನ ಪಿಳ್ಳಮ್ಮನೇ ಬಂದು ತೆಂಗಿನಕಾಯಿ ಒಡೆದಳು. ಕಬ್ಬಿಣದ ಆ ಮೈಗೆ ಅರಿಸಿನ ಕುಂಕುಮ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ ಅತ್ತಳು.

ಎರಡು ಸಾವಿರದ ಆರರಲ್ಲಿ ಯಮುನಾ ಊರಿಗೆ ಮರಳಿದಳು. ಯುರೋಪಿನ ಕಂಪನಿಗಳಿಗೆ ಹಡಗಿನ ನಕ್ಷೆ ಮಾಡಿಕೊಡುವ ಆಫೀಸು ಮನೆಯ ಬಾಗಿಲಿಗೇ ಬಂದಿತ್ತು. ಅದೇ ವರ್ಷ ಮುರಳಿಯೊಂದಿಗೆ ಮದುವೆಯಾಯಿತು. ಮುರಳಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಗರದ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಿಸುತ್ತ ಬರುವ ಹೊತ್ತಿಗೆ ಅರ್ಧ ಜೀವವಾಗಿರುತ್ತಿದ್ದ. ಆದರೂ ಬಂದ ಕೂಡಲೇ, "ಇವತ್ತು ನಿನ್ ಹಡಗು ಎಲ್ಲಿಗ್ ಬಂತು?" ಎಂದು ಕೇಳದೆ ಚಪ್ಪಲಿ ಬಿಡುತ್ತಿರಲಿಲ್ಲ.

ಅವಳ ಉತ್ತರ ಮಾತ್ರ ವರ್ಷವರ್ಷಕ್ಕೂ ಸಣ್ಣದಾಗುತ್ತ ಹೋಯಿತು. ಇಡೀ ಹಡಗು ಅವಳ ಕೈಗೆ ಬರುತ್ತಲೇ ಇರಲಿಲ್ಲ. ಒಂದರ ಮೂತಿ, ಇನ್ನೊಂದರ ಇಂಜಿನ್ ಕೋಣೆ, ಮತ್ತೊಂದರ ತಳ. ಅವು ಎಲ್ಲೋ ಚೀನಾದಲ್ಲೋ ನಾರ್ವೆಯಲ್ಲೋ ತಯಾರಾಗಿ, ಅವಳು ಕಾಣದ ನೀರಿನಲ್ಲಿ ಓಡಾಡುತ್ತಿದ್ದವು. "ಮಕ್ಕಳನ್ನ ಹೆತ್ತು ಮುಖ ನೋಡದೆ ಕೊಟ್ಟ ಹಾಗೆ ಕಣೋ," ಎಂದು ಒಂದು ಸಂಜೆ ಅವಳು ಮುರಳಿಗೆ ಹೇಳಿದಳು.

ಆಫೀಸಿನ ಗೆಳತಿ ಲಾವಣ್ಯಾಗೆ ಡೈವಿಂಗಿನ ಗೀಳು. ಅವಳು ಅದನ್ನು ಕಲಿಸುವ ಮಟ್ಟಕ್ಕೂ ಬೆಳೆದಿದ್ದಳು. ಶನಿವಾರ ಬೆಳಿಗ್ಗೆ ಒಂದು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ನಾಲ್ಕು ಜನರನ್ನು ಸೇರಿಸಿಕೊಂಡು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ನೀರಿನ ತಳದಲ್ಲಿ ಕೂರುವುದನ್ನು ಹೇಳಿಕೊಡುತ್ತಿದ್ದಳು. ಯಮುನಾ ಒಂದು ಶನಿವಾರ ಸುಮ್ಮನೆ ನೋಡಲು ಹೋದಳು. ಬಾವಿಯಲ್ಲಿ ಉಸಿರು ಕಟ್ಟಿ ಎಣಿಸಿ ಎಣಿಸಿ ಮೇಲೆ ಬರಬೇಕಾಗಿದ್ದವಳಿಗೆ, ತಳದಲ್ಲಿ ಕೂತು ಆರಾಮವಾಗಿ ಉಸಿರಾಡಬಹುದೆಂಬುದು ದೊಡ್ಡ ಉಡುಗೊರೆಯಂತೆ ಕಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಲಾವಣ್ಯಾ ಅವಳನ್ನು ಗೋವಾಕ್ಕೆ ಕರೆದೊಯ್ದು, ಬಹಳ ವರ್ಷಗಳ ಹಿಂದೆ ಮುಳುಗಿದ ಸರಕು ಹಡಗೊಂದರ ಮೇಲೆ ಇಳಿಸಿದಳು.

ಹಸಿರು ಮಂಜಿನಂಥ ನೀರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೆರಳೊಂದು ದಪ್ಪವಾಗುತ್ತ ಬಂದು ಕಬ್ಬಿಣದ ಪಕ್ಕೆಲುಬುಗಳಾಯಿತು. ಒಂದರ ಪಕ್ಕ ಒಂದು, ಒಂದೇ ಅಂತರದಲ್ಲಿ, ಅವಳು ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಎಳೆಯುವ ಅವೇ ಗೆರೆಗಳು. ಗೆರೆಗಳ ನಡುವೆ ಹಳದಿ ಮೀನುಗಳು ಹೋಗಿಬರುತ್ತಿದ್ದವು. ಯಾರೋ ಕಾಣದ ನಕ್ಷೆಗಾರನೊಬ್ಬ ಎಂದೋ ಯಾವುದೋ ದೇಶದಲ್ಲಿ ಮೇಜಿನ ಮೇಲೆ ಬಗ್ಗಿ ಇದನ್ನು ಬರೆದಿದ್ದ. ಈ ಮೂಲೆಗೊಂದು ಬೆಣೆ ಬೇಕೆಂದು ಅವನಿಗನ್ನಿಸಿದ್ದು ಅವಳಿಗೆ ಕಾಣುತ್ತಿತ್ತು. ಮುಖಕ್ಕೆ ಹಾಕಿದ ಗಾಜಿನೊಳಗೇ ಯಮುನಾಳ ಕಣ್ಣು ತುಂಬಿಬಂದವು. ಅಲ್ಲಿಂದಾಚೆಗೆ ಪ್ರತಿ ಚಳಿಗಾಲಕ್ಕೂ ಒಂದು ಮುಳುಗಿದ ಹಡಗು: ಗೋವಾ, ಪುದುಚೇರಿ, ಕೂಡಿಸಿಟ್ಟ ರಜೆಯೆಲ್ಲ ಸುರಿದು ಒಮ್ಮೆ ಅಂಡಮಾನ್.

ಮುರಳಿಗೆ ಈಜು ಬಾರದು. ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಆದರೂ ಒಂದು ಸಲವೂ ತಪ್ಪಿಸಿಕೊಂಡವನಲ್ಲ. ಹೆಂಡತಿ ನೀರಿಗಿಳಿದಾಗಿಂದ ಮೇಲೆ ಬರುವವರೆಗೂ ದೋಣಿಯ ಅಂಚು ಹಿಡಿದು, ಅವಳ ಉಸಿರಿನ ಗುಳ್ಳೆ ಏಳುವ ಕಡೆಗೇ ಕಣ್ಣು ನೆಟ್ಟು, ನಡುನಡುವೆ ವಾಂತಿ ಮಾಡಿಕೊಳ್ಳುತ್ತ ಕೂತಿರುತ್ತಿದ್ದ.

"ನಿಂಗ್ಯಾಕೆ ಈ ಕಷ್ಟ? ರೂಮಲ್ಲಿ ಮಲಗಿರಬಾರದಾ?" ಎಂದರೆ, "ನೀನು ಕೆಳಗಿದ್ದಾಗ ರೂಮಲ್ಲಿದ್ರೆ ಅಲ್ಲೂ ವಾಂತಿನೇ ಬರೋದು ಕಣೇ. ಇಲ್ಲೇ ಮಾಡ್ಕೋತೀನಿ ಬಿಡು," ಎನ್ನುತ್ತಿದ್ದ.

ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ, ಹಡಗುಕಟ್ಟೆಯ ಹಳೆಯ ಮೇಸ್ತ್ರಿ ಫೋನ್ ಮಾಡಿದರು. ಜಲಮಣಿ ಮುಳುಗಿತ್ತು. ಅಷ್ಟರಲ್ಲಿ ಅದು ಎರಡು ಕೈ ಬದಲಾಗಿತ್ತು. ಗಾಳಿಯ ದಿನ, ತೀರದಿಂದ ಅಷ್ಟೇನೂ ದೂರವಲ್ಲದ ಜಾಗದಲ್ಲಿ, ಹಿಂಬದಿಯ ಬಾಗಿಲು ತೆರೆದೇ ಇದ್ದಾಗ ದೊಡ್ಡ ತೆರೆಯೊಂದು ಒಳನುಗ್ಗಿತ್ತು. ಉಳಿದವರನ್ನು ಮೀನುಗಾರರು ಎತ್ತಿದರು. ಇಂಜಿನ್ ನೋಡಿಕೊಳ್ಳುತ್ತಿದ್ದ ವೆಂಕಟ ಹರಿಕಂತ್ರ ಎಂಬಾತ ತೀರಿಕೊಂಡ. ಮೂರನೆಯ ದಿನ ಅವನ ದೇಹ ದಡಕ್ಕೆ ಬಂತು.

ವಿಚಾರಣೆ ನಡೆದು, ನಕ್ಷೆಯಲ್ಲಿ ತಪ್ಪಿಲ್ಲವೆಂದು ತೀರ್ಮಾನವಾಯಿತು. ಆಫೀಸಿನಲ್ಲಿ ಎಲ್ಲರೂ ಯಮುನಾಳ ಬೆನ್ನು ತಟ್ಟಿದರು. ಅವಳು ಮನೆಗೆ ಬಂದು ಸೀರೆ ಮಡಿಸುತ್ತಿದ್ದ ತಾಯಿಯ ಪಕ್ಕ ಕೂತಳು. "ಆ ಸತ್ತೋನ ಹೆಂಡ್ತಿಗೆ ಮಕ್ಕಳು ಎಷ್ಟಂತೆ?" ಎಂದಷ್ಟೇ ಕೇಳಿದಳು ಪಿಳ್ಳಮ್ಮ. ಯಮುನಾಗೆ ಗೊತ್ತಿರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಅವಳು ಎಲ್ಲಿಯೂ ಡೈವಿಂಗಿಗೆ ಹೋಗಲಿಲ್ಲ.

ಸುಮಾರು ಒಂದು ವರ್ಷದ ನಂತರ ಪೀಣ್ಯದ ಕಾರ್ಖಾನೆಯ ಕ್ಯಾಂಟೀನಿಗೆ ಗದಿಗೆಪ್ಪ ಎಂಬ ಹೊಸ ಅಡುಗೆಯವನು ಬಂದ. ಹಾವೇರಿ ಕಡೆಯವನು. ಅವನ ಕೈಯ ಬದನೆಕಾಯಿ ಎಣ್ಣೆಗಾಯಿಗೆ ಜನ ಸಾಲುಗಟ್ಟುತ್ತಿದ್ದರು. ಆದರೆ ಅವನು ಮಾತ್ರ ತಿನ್ನುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ತಾನು ಒಂದು ರೊಟ್ಟಿ ಹರಿದು ಮಜ್ಜಿಗೆಯಲ್ಲಿ ಅದ್ದಿ ಮುಗಿಸುತ್ತಿದ್ದ. ಅಂಗಿ ಹೆಗಲ ಮೇಲೆ ನೇತುಹಾಕಿದಂತಿತ್ತು. ಮುರಳಿಗೆ ಇದು ಕಣ್ಣಿಗೆ ಬಿತ್ತು, ಮಾತಿಗೆ ಎಳೆದ. ಗದಿಗೆಪ್ಪ ಮೊದಲು ಹಡಗಿನಲ್ಲಿ ಭಂಡಾರಿಯಾಗಿದ್ದೆನೆಂದ. ಹಡಗಿನಲ್ಲಿ ಅಡುಗೆಯವನನ್ನು ಹಾಗೇ ಕರೆಯುವುದು. ಯಾವ ಹಡಗು ಎಂದು ಕೇಳಿದರೆ ಜಲಮಣಿ ಎಂದಷ್ಟೇ ಹೇಳಿ ಪಾತ್ರೆಯ ಕಡೆಗೆ ತಿರುಗಿಕೊಂಡ.

ಅಂದು ಸಂಜೆ ಮುರಳಿ ಎಂದಿನ ಪ್ರಶ್ನೆ ಕೇಳಲಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಯಮುನಾಳ ಎದುರು ಕೂತು ನಿಧಾನವಾಗಿ ವಿಷಯ ಹೇಳಿದ.

"ಮನೆಗೆ ಕರಿ," ಎಂದಳು ಯಮುನಾ.

ಭಾನುವಾರ ಗದಿಗೆಪ್ಪ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಪಿಳ್ಳಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ಅವನು ಮುದ್ದೆಯಲ್ಲಿ ಕಾಲು ಭಾಗ ಮುರಿದುಕೊಂಡು ಉಳಿದದ್ದನ್ನು ಹಿಂದಕ್ಕೆ ಸರಿಸಿದ.

"ಇದೇನಪ್ಪಾ, ಅಡುಗೆಯೋನು ಅಂತೀಯ, ಮೈಯೆಲ್ಲಾ ಬರೀ ಮೂಳೆ! ಕಾಯಿಲೆಯೇನಾರಾ ಐತಾ?" ಪಿಳ್ಳಮ್ಮನಿಗೆ ಒಳಗಿಟ್ಟುಕೊಂಡು ಗೊತ್ತಿಲ್ಲ.

"ಇಲ್ರೀ ಯವ್ವಾ. ಮೊದಲ ಭಾಳ ದಪ್ಪ ಇದ್ದೆ. ಈಗ ಉಣ್ಣಾಕ ಮನಸ್ಸಾಗೂದಿಲ್ಲ."

ಯಮುನಾ ತಾನು ಯಾರೆಂದು ಹೇಳಿದಳು. ಜಲಮಣಿಯ ನಕ್ಷೆ ತಾನೇ ಮಾಡಿದ್ದೆಂದಳು. ಗದಿಗೆಪ್ಪ ತಟ್ಟೆಯಲ್ಲಿ ಕೈ ತೊಳೆದುಬಿಟ್ಟ. ಬೈಯುತ್ತಾನೇನೋ ಎಂದು ಅವಳು ಕಾದಳು. ಅವನು ಬೈಯಲಿಲ್ಲ.

"ಆ ಮ್ಯಾಲಿನ ಮುಚ್ಚಳದ ಬಾಗಿಲಾ ನೀವ ಇಟ್ಟಿದ್ದೇನ್ರೀ?"

"ಹೌದು."

"ಅದರಿಂದ ನಾ ಉಳದೇನ್ರೀ ಮೇಡಂರ. ವೆಂಕಟಣ್ಣ ಉಳೀಲಿಲ್ಲ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ವೆಂಕಟನಿಗೆ ಊಟ ಕೊಡಲು ಇಂಜಿನ್ ಕೋಣೆಗೆ ಇಳಿದಿದ್ದ. ಇಬ್ಬರೂ ನಗುತ್ತಲೇ ಇದ್ದರು. ಇದ್ದಕ್ಕಿದ್ದಂತೆ ದೋಣಿ ಒಂದು ಮಗ್ಗುಲಿಗೆ ವಾಲಿತು, ಬಾಗಿಲ ಕಡೆಯಿಂದ ನೀರು ಗೋಡೆಯಂತೆ ಬಂತು, ದೀಪ ಹೋಯಿತು. ವೆಂಕಟ ಅವನ ರಟ್ಟೆ ಹಿಡಿದು ಏಣಿಗೆ ಹಚ್ಚಿ, ಹತ್ತು ಹತ್ತು ಎಂದ.

"ಹತ್ತಿದ್ನಿ. ಮುಚ್ಚಳ ನೂಕಿದ್ನಿ, ತೆರೀತು, ಆಕಾಶ ಕಾಣಿಸ್ತು. ಕೈ ಹೊರಗ ಬಂದ್ವು, ತಲಿ ಬಂತು. ಹೊಟ್ಟಿ ಬರಲಿಲ್ರೀ. ಸಿಕ್ಕೊಂಡ್ನಿ. ಕೆಳಗಿಂದ ಅಂವ ಹೆಗಲ ಕೊಟ್ಟು ನೂಕಿದ. ಒಮ್ಮೆ ಅಲ್ಲ, ಎರಡ ಸಲ ಅಲ್ಲ... ಕಡೀಕ ಬಾಟ್ಲಿ ಬೂಚ ಕಿತ್ತಂಗ ಹೊರಗ ಬಂದ್ನಿ. ತಿರುಗಿ ಕೈ ಕೊಡೂದ್ರಾಗ ದೋಣಿ ಮಗುಚಿತು." ಅವನು ಅಂಗಿ ಎತ್ತಿ ತೋರಿಸಿದ. ಎಡಪಕ್ಕೆಯ ಮೇಲೆ ಬೆರಳುದ್ದದ ಗಾಯದ ಕಲೆ. "ಬಾಗಿಲ ಅಂಚು ತರಚಿದ್ದು. ನಾ ತೆಳ್ಳಗ ಇದ್ದಿದ್ರ ಅಂವ ನನ್ನ ಹಿಂದನ ಬರ್ತಿದ್ದ. ನನ್ನ ಹೊಟ್ಟಿ ಅಂವನ್ನ ತಿಂತು."

ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಮುನಾಳಿಗೆ ಮಾತ್ರ ಮನಸ್ಸು ಒಂದೇ ಕಡೆ ನಿಂತುಬಿಟ್ಟಿತ್ತು. ಲೈಫ್ ಜಾಕೆಟ್ ತೊಟ್ಟ ಆ ಬಡಗಿ ಹತ್ತಿಬಂದ ದಾರಿಯಲ್ಲಿ ಬರಿ ಅಂಗಿಯಲ್ಲಿದ್ದ ಈ ಮನುಷ್ಯ ಸಿಕ್ಕಿಕೊಂಡಿದ್ದು ಹೇಗೆ? ಆ ಬಾಗಿಲಿನ ಅಂಚನ್ನು ಅವಳು ದುಂಡಗೆ ಮಾಡಿಸಿದ್ದಳು, ಅದು ತರಚುವಂಥದ್ದಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಕಣ್ಣಾರೆ ಕಾಣದೆ ಇವನಿಗೆ ಸಮಾಧಾನ ಹೇಳಿ, ನಾಳೆ ಅದು ಸುಳ್ಳಾದರೆ?

ಅವನು ಹೋದ ಮೇಲೆ ಮುರಳಿ ಕೇಳಿದ: "ಯಾವಾಗ ಹೊರಡೋಣ?"

"ನಾನು ಹೋಗ್ತೀನಿ ಅಂತ ಯಾರಂದ್ರು?"

"ನಿನ್ ಮುಖ."

ಜನವರಿಯಲ್ಲಿ ಕಡಲು ತಿಳಿಯಾಗುವ ದಿನಗಳನ್ನು ಲಾವಣ್ಯಾ ಆರಿಸಿದಳು. ಗದಿಗೆಪ್ಪನನ್ನೂ ಕರೆದಿದ್ದರು. ಆ ಸಮುದ್ರದ ಮುಖ ಇನ್ನು ನೋಡಲಾರೆ ಎಂದು ಅವನು ಕೈಮುಗಿದಿದ್ದ. ಆದರೆ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿನಲ್ಲಿ ಕಾರವಾರದ ರೈಲಿನ ಮುಂದೆ ಒಂದು ಬಟ್ಟೆಗಂಟು ಹಿಡಿದು ನಿಂತಿದ್ದ. "ಸಾಹೇಬ್ರಿಗೆ ದೋಣ್ಯಾಗ ವಾಂತಿ ಆಗತೈತಂತಲ್ರೀ. ಲಿಂಬೆಹಣ್ಣ ತಂದೇನಿ," ಎಂದ.

ಜಲಮಣಿ ಬಿದ್ದ ಜಾಗ ಅಲ್ಲಿನ ಮೀನುಗಾರರಿಗೆಲ್ಲ ಗೊತ್ತಿತ್ತು. ಈಗ ಅಲ್ಲಿ ಒಳ್ಳೆಯ ಮೀನು ಸಿಗುತ್ತದೆಂದು ದೋಣಿಯವನು ಹೇಳಿದ. ಮೊದಲ ದಿನ ಇಳಿದರೆ ನೀರು ಕಲಸಿದ ಅಂಬಲಿಯಂತಿತ್ತು. ಯಮುನಾಳ ಕೈಯೇ ಅವಳಿಗೆ ಕಾಣಲಿಲ್ಲ. ಲಾವಣ್ಯಾ ಕೂಡಲೇ ಮೇಲಕ್ಕೆ ಸನ್ನೆ ಮಾಡಿದಳು. ದೋಣಿಯಲ್ಲಿ ಮುರಳಿ ಅಂಚಿಗೆ ಜೋತುಬಿದ್ದಿದ್ದ. ಗದಿಗೆಪ್ಪ ಅವನ ಬೆನ್ನು ಉಜ್ಜುತ್ತ, ಲಿಂಬೆ ಮೂಸಿಸುತ್ತ, "ದೂರ ನೋಡ್ರೀ ಸಾಹೇಬ್ರ, ಗುಡ್ಡ ನೋಡ್ರೀ, ನೀರ ನೋಡಬ್ಯಾಡ್ರೀ," ಎನ್ನುತ್ತಿದ್ದ. ಒಂದೂವರೆ ವರ್ಷ ಕಡಲ ಕಡೆ ಸುಳಿಯದಿದ್ದವನ ಕಾಲು ದೋಣಿಯ ಕುಲುಕಾಟಕ್ಕೆ ತಾನಾಗಿ ಹೊಂದಿಕೊಂಡಿದ್ದವು.

ಮರುದಿನ ನೀರು ತಿಳಿಯಾಗಿತ್ತು. ಹಗ್ಗ ಹಿಡಿದು ಇಬ್ಬರೂ ಇಳಿದರು. ಕಿವಿಯ ಮೇಲೆ ನೀರಿನ ಭಾರ ಏರುತ್ತ ಹೋಯಿತು, ಹಸಿರು ಕಪ್ಪಾಗುತ್ತ ಬಂತು, ಆಮೇಲೆ ಕೆಳಗೆ ಏನೋ ದುಂಡಗೆ ಮೂಡಿತು. ಜಲಮಣಿ ಎಡಮಗ್ಗುಲಾಗಿ, ದಣಿದ ಎಮ್ಮೆ ಮಲಗಿದಂತೆ ಮಲಗಿತ್ತು. ಹರಿದ ಬಲೆಯೊಂದು ಹೊಗೆಕೊಳವೆಗೆ ಸುತ್ತಿಕೊಂಡು ಅಲ್ಲಾಡುತ್ತಿತ್ತು. ಅದರಿಂದ ದೂರವಿರು ಎಂದು ಲಾವಣ್ಯಾ ಕೈ ತೋರಿಸಿದಳು.

ಎಷ್ಟೋ ಬೇರೆಯವರ ಹಡಗುಗಳನ್ನು ತಳದಲ್ಲಿ ಕಂಡಿದ್ದಾಳೆ ಯಮುನಾ. ಅವುಗಳ ನಡುವೆ ಈಜುವಾಗ ದುಃಖವೂ ಹಿತವಾಗಿಯೇ ಇರುತ್ತಿತ್ತು. ಇದು ಹಾಗಲ್ಲ. ಮೂತಿಯ ಈ ತಿರುವಿಗಾಗಿ ಅವಳು ಒಂದು ತಿಂಗಳು ಒದ್ದಾಡಿದ್ದಳು. ಈ ಕಂಬಿಯನ್ನು ಬೇಡಬೇಡವೆಂದರೂ ಸೇರಿಸಿದ್ದಳು. ಅವಳು ಕೈಗವಸು ತೆಗೆದು ಚಿಪ್ಪು ಹತ್ತಿದ ತಗಡಿನ ಮೇಲೆ ಅಂಗೈ ಇಟ್ಟಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ, ತುಸು ಹೊತ್ತು ಹಾಗೇ ಇದ್ದಳು. ಆಮೇಲೆ ಅಡುಗೆಕೋಣೆಯ ಕಿಟಕಿಯಲ್ಲೊಮ್ಮೆ ಇಣುಕಿ, ಡೆಕ್ಕಿನ ಗುಂಟ ಹೋದಳು.

ಮುಚ್ಚಳ ಪೂರಾ ತೆರೆದು ಹಿಂದಕ್ಕೆ ಒರಗಿತ್ತು. ಟಾರ್ಚ್ ಹಿಡಿದು ಗೂಡಿನೊಳಗೆ ಇಣುಕಿದಳು. ದಪ್ಪತುಟಿಯ ದೊಡ್ಡ ಮೀನೊಂದು ಬೆಳಕಿಗೆ ಸಿಡುಕಿ ಒಳಕ್ಕೆ ಸರಿಯಿತು. ಅದು ಸರಿದ ಕಡೆಯಲ್ಲಿ, ಬಾಗಿಲಿನಿಂದ ಒಂದು ಮೊಳ ಒಳಗೆ, ಏಣಿಯ ಎದುರಿಗೇ ಒಂದು ಪೈಪು.

ಅವಳ ನಕ್ಷೆಯಲ್ಲಿ ಅಲ್ಲಿ ಪೈಪಿರಲಿಲ್ಲ. ತೊಡೆಯಷ್ಟು ದಪ್ಪದ್ದು. ಒಂದು ಗೋಡೆ ಕೊರೆದು ಒಳಬಂದು ಇನ್ನೊಂದು ಗೋಡೆಯಲ್ಲಿ ಹೊರಹೋಗಿತ್ತು. ಸುತ್ತಿ ಹೋಗುವ ತಾಪತ್ರಯ ತಪ್ಪಲೆಂದು ರಿಪೇರಿಯ ವೇಳೆ ಯಾರೋ ಅಡ್ಡದಾರಿ ಹಿಡಿದಿದ್ದರು. ಒರಟು ಬೆಸುಗೆ. ಪೈಪನ್ನು ಬಿಗಿದ ಪಟ್ಟಿಯಿಂದ ಒಂದು ಬೋಲ್ಟು ಉಗುರಿನಂತೆ ಹೊರಚಾಚಿತ್ತು. ಏಣಿ ಹತ್ತುವವನ ಎಡಪಕ್ಕೆಗೆ ಸರಿಯಾಗಿ ತಾಗುವ ಕಡೆ. ಯಮುನಾ ಪೈಪಿಗೂ ಏಣಿಗೂ ನಡುವೆ ತನ್ನ ತೋಳಿಟ್ಟು ನೋಡಿದಳು. ತಾನೂ ಅಲ್ಲಿ ಸಲೀಸಾಗಿ ನುಸುಳಲಾರಳು. ಆ ಕತ್ತಲಲ್ಲಿ, ವಾಲಿದ ದೋಣಿಯಲ್ಲಿ, ಎಂಥ ಸಣಕಲನೂ ಅಲ್ಲಿ ಸಿಕ್ಕಿಕೊಳ್ಳುತ್ತಿದ್ದ. ಲಾವಣ್ಯಾ ಫೋಟೋ ತೆಗೆದುಕೊಂಡಳು. ಯಮುನಾ ಒಳಗೆ ಇನ್ನಷ್ಟು ಬಗ್ಗಿದ್ದನ್ನು ಕಂಡು ಅವಳ ಪಾದ ಹಿಡಿದೆಳೆದು, ಸಾಕು, ಮೇಲೆ ನಡಿ ಎಂದು ಸನ್ನೆ ಮಾಡಿದಳು.

ನೀರಿನ ಒತ್ತಡ ಇಳಿದದ್ದಕ್ಕೆ ಮೈ ಹೊಂದಿಕೊಳ್ಳಲೆಂದು, ಮೇಲಕ್ಕೆ ಬರುತ್ತ ನಡುವೆ ಹಗ್ಗ ಹಿಡಿದು ತಂಗಬೇಕು. ಹಾಗೆ ತೂಗಾಡುತ್ತಿದ್ದಾಗ ಯಮುನಾಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಮೇಲೆ ನೋಡಿದಳು. ದೋಣಿಯ ಹೊಟ್ಟೆ, ಅದರ ಅಂಚಿನಲ್ಲಿ ಎರಡು ತಲೆಗಳು ಪಕ್ಕಪಕ್ಕದಲ್ಲಿ ಬಗ್ಗಿ ಕೆಳಗೇ ನೋಡುತ್ತಿದ್ದವು. ಸಿಟ್ಟು ಇಳಿಯಿತು.

ದೋಣಿಗೆ ಹತ್ತಿ, ಸಿಲಿಂಡರ್ ಕಳಚುವ ಮೊದಲೇ ಅವಳು ಗದಿಗೆಪ್ಪನನ್ನು ಎದುರಿಗೆ ಕೂರಿಸಿಕೊಂಡಳು. ನೀರಿನಡಿಯಲ್ಲಿ ಬರೆಯಲು ಬಳಸುವ ಸ್ಲೇಟಿನ ಮೇಲೆ ಗೂಡು ಬರೆದಳು, ಏಣಿ ಬರೆದಳು, ಅಡ್ಡಕ್ಕೆ ಪೈಪು ಬರೆದಳು. ಲಾವಣ್ಯಾ ಕ್ಯಾಮೆರಾದಲ್ಲಿ ಫೋಟೋ ತೋರಿಸಿದಳು.

"ಗದಿಗೆಪ್ಪ, ನಿಮ್ಮನ್ನ ಹಿಡಿದದ್ದು ಬಾಗಿಲಲ್ಲ. ಇದು. ಯಾರೋ ಆಮೇಲೆ ಹಾಕಿದ್ದು. ನಾನು ಹೋಗಿದ್ರೂ ಸಿಕ್ಕೊಳ್ತಿದ್ದೆ. ನಿಮ್ಮ ಪಕ್ಕೆ ತರಚಿದ್ದು ಈ ಬೋಲ್ಟು."

ಅವನು ಫೋಟೋ ನೋಡಿದ. ಅಂಗಿಯ ಮೇಲಿಂದಲೇ ಎಡಪಕ್ಕೆ ಮುಟ್ಟಿಕೊಂಡ. ಸ್ಲೇಟು ನೋಡಿದ.

"ಹೊಟ್ಟಿ ಅಲ್ಲೇನ್ರೀ?"

"ಅಲ್ಲ."

"ಖರೇ ಹೇಳ್ರೀ ಮೇಡಂರ. ನನಗ ಸಮಾಧಾನ ಆಗ್ಲಿ ಅಂತ ಹೇಳಬ್ಯಾಡ್ರೀ."

"ಸಮಾಧಾನಕ್ಕೆ ಹೇಳೋದಾಗಿದ್ರೆ ಕಾಡುಗೋಡಿಯಲ್ಲೇ ಹೇಳ್ತಿದ್ದೆ. ನೋಡ್ದೆ ಹೇಳಬಾರದು ಅಂತಲೇ ಇಷ್ಟು ದೂರ ಬಂದೆ."

ಗದಿಗೆಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಬೆನ್ನು ಕುಲುಕತೊಡಗಿತು. ಈಗ ಬೆನ್ನು ಉಜ್ಜುವ ಸರದಿ ಮುರಳಿಯದಾಯಿತು. ದೋಣಿಯವನು ಇಂಜಿನ್ ಶುರು ಮಾಡದೆ ಹಗ್ಗ ಸುತ್ತುತ್ತ ನಿಂತಿದ್ದ. ಅವನೇ ಹೇಳಿದ, "ವೆಂಕಟನ ಮನೆ ಇಲ್ಲೇ, ದೋಣಿ ನಿಲ್ಲೋ ದಕ್ಕೆ ಹತ್ರ."

ಬದುಕಿಬಂದ ಮೇಲೆ ಗದಿಗೆಪ್ಪ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹೆಂಚಿನ ಸಣ್ಣ ಮನೆ, ಅಂಗಳದಲ್ಲಿ ಸಿಗಡಿ ಒಣಗಲು ಹಾಕಿತ್ತು. ವೆಂಕಟನ ಹೆಂಡತಿ ನಾಗವೇಣಿ ಕಾಗೆ ಓಡಿಸುತ್ತ ಕೂತಿದ್ದವಳು ಎದ್ದು ನಿಂತಳು. ಗದಿಗೆಪ್ಪ ಹೆಸರು ಹೇಳಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವಾ? ನೀವು ದಪ್ಪ ಇದ್ದೀರಿ ಅಂತಿದ್ರು ನಮ್ಮನೆಯವ್ರು. ಗದಿಗೆಪ್ಪ ಮಾಡೋ ಶೇಂಗಾ ಹೋಳಿಗೆ ತಿಂದ್ರೆ ಮನೆ ಊಟ ರುಚಿಸೂದಿಲ್ಲ ಅಂತ ನನ್ನ ಹೊಟ್ಟೆ ಉರಿಸ್ತಿದ್ರು."

ಯಮುನಾ ತಾನು ಕಂಡದ್ದನ್ನೆಲ್ಲ ನಾಗವೇಣಿಗೆ ಹೇಳಿದಳು. ದೋಣಿಯ ನಕ್ಷೆ ತನ್ನದೆಂಬುದನ್ನೂ ಹೇಳಿದಳು. ನಾಗವೇಣಿ ಕೊನೆಯವರೆಗೂ ಕೇಳಿದಳು. ಕಣ್ಣೀರು ಬಂತು, ಒರೆಸಿಕೊಂಡಳು. ಗದಿಗೆಪ್ಪನ ಕಡೆ ತಿರುಗಿ, "ಅವ್ರು ನೂಕಿದ್ರಾ ನಿಮ್ಮನ್ನ?" ಎಂದು ಕೇಳಿದಳು.

"ಹೌದವ್ವಾ. ಹೆಗಲ ಕೊಟ್ಟು ನೂಕಿದ. ಹೆದರಬ್ಯಾಡೋ, ಇನ್ನೊಂದ ಚೂರು ಅಂದ."

"ಅವ್ರ ಬುದ್ಧಿಯೇ ಹಾಗೆ," ಎಂದಳು ನಾಗವೇಣಿ. ಅಷ್ಟು ಹೇಳುವಾಗ ಅವಳ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ಯಮುನಾ ಕಂಡಳು. ಒಂದೂವರೆ ವರ್ಷದಲ್ಲಿ ಅವಳ ಗಂಡನ ಕೊನೆಯ ಮಾತನ್ನು ಯಾರೂ ಅವಳಿಗೆ ತಂದುಕೊಟ್ಟಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತಿದ್ದರು. ದೊಡ್ಡವಳು ಹೊರಗೆ ಬಂದು, "ಇನ್ನೊಂದ್ಸಲ ಹೇಳಿ, ಅಪ್ಪ ಏನಂದ್ರು?" ಎಂದಳು. ಗದಿಗೆಪ್ಪ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಹೇಳಿದ.

ಊಟ ಮಾಡದೆ ಹೋಗಲು ನಾಗವೇಣಿ ಬಿಡಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಹೊಟ್ಟೆ ಖಾಲಿಯಾಗಿದ್ದ ಮುರಳಿ ತಲೆ ಎತ್ತದೆ ಉಂಡ. ಗದಿಗೆಪ್ಪ ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ನಾಗವೇಣಿ ಸೌಟು ಹಿಡಿದು ಕಾದಿದ್ದಳು. ಅವನು ತಟ್ಟೆ ಮುಂದೆ ಸರಿಸಿದ.

"ಇನ್ನೊಂದೀಟ ಅನ್ನ ಹಾಕವ್ವಾ," ಎಂದ.

ಬೆಂಗಳೂರಿಗೆ ಮರಳಿದ ಮೇಲೆ ಯಮುನಾ ಫೋಟೋಗಳನ್ನು ವಿಚಾರಣೆ ನಡೆಸಿದ್ದ ಕಚೇರಿಗೆ ಕಳಿಸಿದಳು. ತಲುಪಿತೆಂದು ಉತ್ತರ ಬಂತು, ಮುಂದೆ ಏನೂ ಬರಲಿಲ್ಲ. ಆ ಪೈಪು ಹಾಕಿದವರಾರೆಂದು ಕೊನೆಗೂ ಗೊತ್ತಾಗಲಿಲ್ಲ. ತನ್ನ ಆಫೀಸಿನಲ್ಲಿ ಅವಳು ಹಟ ಹಿಡಿದು ಒಂದು ಬದಲಾವಣೆ ತಂದಳು. ತುರ್ತು ದಾರಿಯ ಗೋಡೆಯ ಮೇಲೆ, ಇಲ್ಲಿ ಏನನ್ನೂ ಹಾಯಿಸಬಾರದೆಂಬ ಸೂಚನೆ ಅಲ್ಲಿನ ಕೆಲಸಗಾರರ ಭಾಷೆಯಲ್ಲೇ ಬರೆದಿರಬೇಕು ಎಂದು. ನಾರ್ವೆಯವರು ಮೊದಲು ನಕ್ಕರು. ಅವಳು ಫೋಟೋ ತೋರಿಸಿದಳು. ಆಮೇಲೆ ನಗಲಿಲ್ಲ.

ಗದಿಗೆಪ್ಪ ಪೀಣ್ಯದಲ್ಲೇ ಉಳಿದ. ವರ್ಷಕ್ಕೊಮ್ಮೆ ರಜೆ ಹಾಕಿ ನಾಗವೇಣಿಯ ಮನೆಗೆ ಹೋಗಿ, ಹುಡುಗಿಯರಿಗೆ ಹೋಳಿಗೆ ಮಾಡಿಕೊಟ್ಟು ಬರುತ್ತಿದ್ದ. ಒಂದು ಭಾನುವಾರ ಕಾಡುಗೋಡಿಗೆ ಬಂದವನನ್ನು ಪಿಳ್ಳಮ್ಮ ಬಾಗಿಲಲ್ಲೇ ತಡೆದು ನಿಲ್ಲಿಸಿ, ಕೆನ್ನೆ ಹಿಂಡಿ ನೋಡಿ, "ಈಗ ವಸಿ ಮನ್ಸ ಆದೆ," ಎಂದಳು. ಅವನು ನಾಚಿಕೊಂಡು ಯಮುನಾಳ ಪಕ್ಕದಲ್ಲಿ ಬಂದು ಕೂತ. ಆ ವರ್ಷದ ಚಳಿಗಾಲಕ್ಕೆ ಅವಳು ಯಾವ ಹಡಗಿಗೆ ಇಳಿಯುತ್ತಾಳೆಂದು ವಿಚಾರಿಸಿದ. ಆಮೇಲೆ ದನಿ ತಗ್ಗಿಸಿ, ಅಷ್ಟು ದಿನ ಕೇಳಬೇಕೆಂದಿದ್ದುದನ್ನು ಕೇಳಿದ.

"ಮೇಡಂರ, ನಮ್ಮ ಅಡಗಿ ಕೋಣಿ ನೋಡಿದ್ರೇನ್ರೀ? ಅದರಾಗೂ ಮೀನ ಅದಾವೇನ್ರೀ?"

"ಕಿಟಕಿಯಿಂದ ನೋಡಿದೆ," ಎಂದಳು ಯಮುನಾ. "ತುಂಬಾ ಇವೆ. ಸಣ್ಣಸಣ್ಣವು. ಕಡ್ಡಿ ಇಡೋಕೂ ಜಾಗ ಇಲ್ಲ."

ಗದಿಗೆಪ್ಪ ಒಳ್ಳೆಯದಾಯಿತೆಂಬಂತೆ ತಲೆಯಾಡಿಸಿದ. ಅವುಗಳ ಬಣ್ಣ ಯಾವುದೆಂದು ಕೇಳಿದ, ಗಾತ್ರ ಎಷ್ಟೆಂದು ಕೇಳಿದ. ಅವಳು ಒಂದೊಂದಾಗಿ ಹೇಳುತ್ತ ಹೋದಳು. ಮುರಳಿ ಮೂವರಿಗೂ ಕಾಫಿ ತಂದು, ತಾನೂ ಕೇಳುತ್ತ ಅಲ್ಲೇ ನೆಲದ ಮೇಲೆ ಕೂತ.